ಹೊಳೆ ದಾಟಿಸಿದ ಅಂಬಿಗ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಅದನ್ನು ಹೇಳುತ್ತಾರೆ. ಮೊಮ್ಮಕ್ಕಳು ಬಹುಮಾನ ಪಡೆದು ಮನೆಗೆ ಬಂದಾಗ ಅಜ್ಜಿಯರು ಹೇಳುತ್ತಾರೆ. ನಾನೂ ಪ್ರಬೋಧನೆಯ ಪೀಠದಲ್ಲಿ ನಿಂತು ಹಲವು ಬಾರಿ ಹೇಳಿದ್ದೇನೆ. ಆದರೆ ಮೊಳಕೆಯನ್ನು ನೋಡಿದವರಿಗೆಲ್ಲ ಅದರೊಳಗಿನ ಸಿರಿ ಕಾಣಿಸುತ್ತದೆಯೇ? ಮರ ಬೆಳೆದು ಹಣ್ಣು ಬಿಟ್ಟ ಮೇಲೆ 'ನನಗೆ ಅಂದೇ ಗೊತ್ತಿತ್ತು' ಎನ್ನುವವರು ಬಹಳ ಮಂದಿ. ಮೊಳಕೆಯ ದಿನ ಅದರ ಪಕ್ಕದಲ್ಲಿ ನಿಂತು ನೀರೆರೆದವರು ಎಷ್ಟು ಮಂದಿ? ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿದ್ದು ಯಾವ ಗ್ರಂಥವನ್ನು ಓದಿದಾಗಲೂ ಅಲ್ಲ, ಎರಡು ಹಳೆಯ ಕ್ಯಾಸೆಟ್ಟುಗಳನ್ನು ಕೇಳಿದಾಗ.

1996ರಲ್ಲಿ ನಾನು ಗುರುಮಠದಲ್ಲಿ ದೈವಶಾಸ್ತ್ರ ಓದುತ್ತಿದ್ದೆ. ಸಹಪಾಠಿಯೊಬ್ಬನಿಗೆ ವಿದೇಶದಲ್ಲಿದ್ದ ಅಣ್ಣ ಜೋಡಿ ಕ್ಯಾಸೆಟ್ಟೊಂದನ್ನು ಕಳುಹಿಸಿಕೊಟ್ಟಿದ್ದರು. ಅದು ಬೀಟಲ್ಸ್ ಎಂಬ ಜಗದ್ವಿಖ್ಯಾತ ರಾಕ್ ತಂಡದ 'ಆಂಥಾಲಜಿ 1'. ಹಿಂದಿನ ವರ್ಷ, ಅಂದರೆ 1995ರ ನವೆಂಬರ್ ತಿಂಗಳಲ್ಲಿ, ಬಿಡುಗಡೆಯಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ನಗರದ ನಾಲ್ವರು ಯುವಕರಾದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ 1960ರ ದಶಕದಲ್ಲಿ ಜಗತ್ತಿನ ಜನಪ್ರಿಯ ಸಂಗೀತದ ದಿಕ್ಕನ್ನೇ ಬದಲಿಸಿದರು ಎಂಬುದನ್ನು ನಾವು ಕೇಳಿದ್ದೆವು. ಸಂಜೆಯ ವಿರಾಮದಲ್ಲಿ ಏಳೆಂಟು ಮಂದಿ ಟೇಪ್‌ರೆಕಾರ್ಡರಿನ ಸುತ್ತ ಬಹಳ ನಿರೀಕ್ಷೆಯಿಂದ ಕುಳಿತೆವು. ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬೊಬ್ಬರೇ ಎದ್ದುಹೋದರು. ಕೇಳಿಬಂದದ್ದು ಗರಗರ ಸದ್ದು, ಅದರ ನಡುವೆ ಎಳೆಯ ಹುಡುಗರ ಅಳುಕಿನ ದನಿ. 'ಇದಕ್ಕಿಂತ ನಮ್ಮ ಗಾನವೃಂದವೇ ವಾಸಿ' ಎಂದು ಒಬ್ಬ ನಕ್ಕ. ನಾನೂ ನಕ್ಕೆ. ಆದರೆ ಎದ್ದುಹೋಗಲಿಲ್ಲ. ಪ್ರಸಿದ್ಧಿ ಬರುವ ಮೊದಲು ಅವರು ಹಾಡಿದ್ದನ್ನು ಕೇಳುತ್ತಾ, ಅದರ ಹಿಂದಿನ ಕಥೆಯನ್ನು ತಿಳಿಯುವ ಕುತೂಹಲ ಹುಟ್ಟಿತು. ಆ ಕುತೂಹಲ ಇಂದಿಗೂ ಆರಿಲ್ಲ. ಆ ಕಥೆಯ ಒಂದು ಎಳೆಯಲ್ಲಿ ನನ್ನದೇ ಒಂದು ತಪ್ಪು ಸಿಕ್ಕಿಕೊಂಡಿರುವುದರಿಂದ ಅದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಆ ಕಥೆ ಆರಂಭವಾಗುವುದು ಒಂದು ಚರ್ಚಿನ ಅಂಗಳದಲ್ಲಿ. 1957ರ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್ ಎಂಬಲ್ಲಿ ಆಂಗ್ಲಿಕನ್ ಸಭೆಗೆ ಸೇರಿದ ಸಂತ ಪೇತ್ರರ ದೇವಾಲಯದ ವಾರ್ಷಿಕ ಉದ್ಯಾನೋತ್ಸವ ನಡೆಯಿತು. ನಮ್ಮ ಧರ್ಮಕೇಂದ್ರದ ಹಬ್ಬದಂತೆಯೇ ಅಲ್ಲಿಯೂ ಮೆರವಣಿಗೆ, ಅಂಗಡಿಗಳು, ಮಕ್ಕಳ ಆಟಗಳು, ಸಂಜೆ ಸಭಾಂಗಣದಲ್ಲಿ ಮನರಂಜನೆ. ಹದಿನಾರು ವರ್ಷದ ಲೆನನ್ ತನ್ನ ಶಾಲೆಯ ಹೆಸರನ್ನೇ ಹೊತ್ತ 'ಕ್ವಾರಿಮೆನ್' ಎಂಬ ತಂಡ ಕಟ್ಟಿಕೊಂಡು ಅಲ್ಲಿ ಹಾಡಲು ಬಂದಿದ್ದ. ಗೆಳೆಯನೊಬ್ಬ ಹದಿನೈದು ವರ್ಷದ ಮೆಕಾರ್ಟ್ನಿಯನ್ನು ಕರೆತಂದು ಪರಿಚಯಿಸಿದ. ಆ ಹುಡುಗ ಗಿಟಾರ್ ಹಿಡಿದು ಒಂದು ಹಾಡನ್ನು ತಪ್ಪಿಲ್ಲದೆ ಹಾಡಿ ತೋರಿಸಿದ. ಅವನನ್ನು ಸೇರಿಸಿಕೊಂಡರೆ ತಂಡ ಬಲಗೊಳ್ಳುತ್ತದೆ, ಆದರೆ ತನ್ನ ಹಿರಿಮೆ ತಗ್ಗುತ್ತದೆ ಎಂಬ ತೊಳಲಾಟ ಲೆನನ್‌ಗಿತ್ತು. ಕೊನೆಗೆ ಸೇರಿಸಿಕೊಂಡ.

ಅಚ್ಚರಿಯೆಂದರೆ ಅಂದಿನ ಸಂಜೆಯ ಹಾಡುಗಾರಿಕೆಯ ಒಂದು ತುಣುಕು ಉಳಿದಿದೆ. ಚರ್ಚಿನ ಯುವಕ ಸಂಘದ ಸದಸ್ಯನಾಗಿದ್ದ ಬಾಬ್ ಮಾಲಿನೋ ತನ್ನ ಗ್ರುಂಡಿಗ್ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಮುದ್ರಿಸಿಕೊಂಡಿದ್ದ. ಅವರು ಮುಂದೆ ಪೊಲೀಸ್ ಸೇವೆಗೆ ಸೇರಿದರು, ನಿವೃತ್ತರೂ ಆದರು. ಟೇಪು ಮಾತ್ರ ಹಾಗೆಯೇ ಇತ್ತು. 1994ರಲ್ಲಿ ಸೋದೆಬಿ ಹರಾಜಿನಲ್ಲಿ ಇ.ಎಂ.ಐ. ಸಂಸ್ಥೆ ಅದನ್ನು 78,500 ಪೌಂಡುಗಳಿಗೆ ಕೊಂಡಿತು. ಅದರಲ್ಲಿರುವುದು ಸ್ಪಷ್ಟವಾಗಿಯೂ ಕೇಳಿಸದ ಹುಡುಗನೊಬ್ಬನ ದನಿ. ಆ ಸಂಜೆ ಸಭಾಂಗಣದಲ್ಲಿದ್ದ ಹಿರಿಯರಲ್ಲಿ ಎಷ್ಟು ಮಂದಿಗೆ ಅದು ಬರಿಯ ಗದ್ದಲವಾಗಿ ಕೇಳಿಸಿತೋ! ಆದರೂ ಆ ಚರ್ಚಿನವರು ಹುಡುಗರಿಗೆ ವೇದಿಕೆ ಕೊಟ್ಟರು. ಹಬ್ಬದ ಪಟ್ಟಿಯಲ್ಲಿ ಒಂದು ಅರ್ಧ ಗಂಟೆಯನ್ನು ಕಲಿಯುವವರಿಗಾಗಿ ಬಿಟ್ಟುಕೊಡುವುದು ಎಷ್ಟು ದೊಡ್ಡ ಕೊಡುಗೆಯಾಗಬಲ್ಲದು ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯೂ ಅದೇ ನಗರದಲ್ಲಿ ನಡೆದಿತ್ತು. ಹನ್ನೊಂದರ ಬಾಲಕ ಮೆಕಾರ್ಟ್ನಿ ಲಿವರ್‌ಪೂಲಿನ ಆಂಗ್ಲಿಕನ್ ಪ್ರಧಾನಾಲಯದ ಗಾನವೃಂದಕ್ಕೆ ಸೇರಲು ಪರೀಕ್ಷೆಗೆ ಹೋಗಿದ್ದ. ಆಯ್ಕೆಯಾಗಲಿಲ್ಲ. ತನಗೆ ಮನಸ್ಸಿಲ್ಲದೆ ಬೇಕೆಂದೇ ಕೆಟ್ಟದಾಗಿ ಹಾಡಿದೆ ಎಂದು ಅವರು ನಗುತ್ತಾ ಹೇಳಿದ್ದುಂಟು. 1991ರ ಜೂನ್ ತಿಂಗಳಲ್ಲಿ ಅವರ 'ಲಿವರ್‌ಪೂಲ್ ಒರಟೋರಿಯೊ' ಎಂಬ ದೀರ್ಘ ಕೃತಿ ಮೊದಲ ಬಾರಿಗೆ ಪ್ರದರ್ಶನಗೊಂಡದ್ದು ಅದೇ ಪ್ರಧಾನಾಲಯದಲ್ಲಿ. ಗಾನವೃಂದಗಳನ್ನು ನಡೆಸುವ ನಾವು ಆಗಾಗ ನೆನೆಯಬೇಕಾದ ಸಂಗತಿಯಿದು.

ಮರುವರ್ಷ, 1958ರಲ್ಲಿ, ಐವರು ಹುಡುಗರು ಕೈಯಲ್ಲಿದ್ದ ಚಿಲ್ಲರೆಯನ್ನು ಒಟ್ಟುಗೂಡಿಸಿಕೊಂಡು ಲಿವರ್‌ಪೂಲಿನ ಕೆನ್ಸಿಂಗ್ಟನ್ ಎಂಬ ಬೀದಿಯ 38ನೇ ಮನೆಗೆ ಹೋದರು. ಅಲ್ಲಿ ಪರ್ಸಿ ಫಿಲಿಪ್ಸ್ ಎಂಬವರು ತಮ್ಮ ಮನೆಯಲ್ಲೇ ಧ್ವನಿಮುದ್ರಣದ ಸಲಕರಣೆ ಇಟ್ಟುಕೊಂಡಿದ್ದರು. ಯಾರು ಬೇಕಾದರೂ ಹೋಗಿ, ಹಣ ಕೊಟ್ಟು, ತಮ್ಮ ದನಿಯ ತಟ್ಟೆಯೊಂದನ್ನು ಪಡೆಯಬಹುದಿತ್ತು. ಹ್ಯಾರಿಸನ್ ಆಗ ತಂಡ ಸೇರಿಯಾಗಿತ್ತು. ಜೊತೆಗೆ ಪಿಯಾನೋ ನುಡಿಸುವ ಜಾನ್ ಲೋ, ಡ್ರಮ್ ನುಡಿಸುವ ಕಾಲಿನ್ ಹ್ಯಾಂಟನ್. ಎರಡು ಹಾಡುಗಳು ಮುದ್ರಣವಾದವು. ಒಂದು ಬೇರೆಯವರದು, ಇನ್ನೊಂದು ಅವರದೇ ರಚನೆ.

ಅವರ ಕೈಗೆ ಸಿಕ್ಕಿದ್ದು ಒಂದೇ ಒಂದು ತಟ್ಟೆ. ಅದನ್ನು ಅಸಿಟೇಟ್ ತಟ್ಟೆ ಎನ್ನುತ್ತಾರೆ. ಅಂಗಡಿಗಳಲ್ಲಿ ಮಾರುವ ಗ್ರಾಮಫೋನ್ ತಟ್ಟೆಯಷ್ಟು ಅದು ಗಟ್ಟಿಯಲ್ಲ. ಲೋಹದ ಹಾಳೆಯ ಮೇಲಿನ ಮೃದುವಾದ ಲೇಪದಲ್ಲಿ ಗೀರು ಕೊರೆದಿರುತ್ತದೆ. ಪ್ರತಿ ಬಾರಿ ಮುಳ್ಳು ಹರಿದಾಗಲೂ ಆ ಗೀರು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಸಂತೋಷದಿಂದ ಕೇಳಿದಷ್ಟೂ ಅದು ನಶಿಸುತ್ತಾ ಹೋಗುತ್ತದೆ! ಐವರೂ ಸರದಿಯ ಮೇಲೆ ಒಂದೊಂದು ವಾರ ಅದನ್ನು ಮನೆಗೆ ಒಯ್ದು ಬಂಧುಮಿತ್ರರಿಗೆ ಕೇಳಿಸಿದರು. ಕೊನೆಯ ಸರದಿ ಲೋ ಅವರದು. ಅವರು ತಂಡದಿಂದ ದೂರವಾದರು, ತಟ್ಟೆ ಅವರ ಮನೆಯಲ್ಲೇ ಉಳಿಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1981ರಲ್ಲಿ, ಮೆಕಾರ್ಟ್ನಿ ಅದನ್ನು ಅವರಿಂದ ಕೊಂಡುಕೊಂಡರು. ನಾವು ಗುರುಮಠದಲ್ಲಿ ಕೇಳಿದ ಗರಗರ ಸದ್ದು ಅದರದೇ. ಅದು ಕಳಪೆ ಸಾಮಗ್ರಿಯ ದೋಷವೊಂದೇ ಅಲ್ಲ, ಐದು ಮನೆಗಳಲ್ಲಿ ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದ್ದರ ಗುರುತೂ ಹೌದು ಎಂದು ತಿಳಿದ ಮೇಲೆ ನನಗೆ ಆ ಸದ್ದಿನ ಮೇಲೆ ಗೌರವ ಹುಟ್ಟಿತು. ಅದೇ 1958ರ ಜುಲೈ 15ರಂದು ಲೆನನ್ ಅವರ ತಾಯಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೆಕಾರ್ಟ್ನಿ ಅದಕ್ಕೆ ಎರಡು ವರ್ಷ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದರು. ತಾಯಿಯಿಲ್ಲದ ಇಬ್ಬರು ಹುಡುಗರನ್ನು ಸಂಗೀತ ಕಟ್ಟಿಹಾಕಿತು.

ಈಗ ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬರನ್ನು ನಿಮಗೆ ಪರಿಚಯಿಸಬೇಕು. ಪೀಟ್ ಬೆಸ್ಟ್ 1941ರ ನವೆಂಬರ್ 24ರಂದು ಮದ್ರಾಸಿನಲ್ಲಿ ಜನಿಸಿದರು. ಅವರ ತಾಯಿ ಮೋನಾ ಹುಟ್ಟಿದ್ದು ದೆಹಲಿಯಲ್ಲಿ. ಮಹಾಯುದ್ಧ ಮುಗಿದ ಮೇಲೆ, 1945ರ ಕೊನೆಯಲ್ಲಿ, ಈ ಕುಟುಂಬ ಹಡಗೇರಿ ಲಿವರ್‌ಪೂಲಿಗೆ ಹೋಯಿತು. ಗಟ್ಟಿ ಮನಸ್ಸಿನ ಆ ತಾಯಿ ತಮ್ಮ ದೊಡ್ಡ ಮನೆಯ ನೆಲಮಾಳಿಗೆಯಲ್ಲಿ ಹುಡುಗರಿಗಾಗಿ 'ಕಸ್ಬಾ' ಎಂಬ ಕಾಫಿ ಕ್ಲಬ್ ತೆರೆದರು. 1959ರ ಆಗಸ್ಟ್ 29ರಂದು ಅದರ ಆರಂಭೋತ್ಸವದಲ್ಲಿ ಹಾಡಿದವರು ಲೆನನ್ ಮತ್ತು ಸಂಗಡಿಗರು. ಅದಕ್ಕೂ ಮೊದಲು ಅದರ ಗೋಡೆ, ಚಾವಣಿಗಳಿಗೆ ಬಣ್ಣ ಬಳಿಯುವ ಕೆಲಸದಲ್ಲಿಯೂ ಅವರು ಕೈಜೋಡಿಸಿದ್ದರು. ಬೇರೆಲ್ಲೂ ನೆಲೆಯಿಲ್ಲದಿದ್ದಾಗ ಅವರಿಗೆ ನೆಲೆಯಾದದ್ದು ಆ ಮನೆ.

1960ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಕರೆ ಬಂತು. ಹೋಗಬೇಕಾದರೆ ಡ್ರಮ್ ನುಡಿಸುವವನೊಬ್ಬ ಬೇಕೇ ಬೇಕು. ಪೀಟ್ ಬಳಿ ಡ್ರಮ್ ಇತ್ತು. ಅವರನ್ನು ಕರೆದುಕೊಂಡರು. ಬಂದರಿನ ನಾವಿಕರು ತುಂಬಿದ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಗಂಟೆಗಟ್ಟಲೆ ಹಾಡಬೇಕಿತ್ತು. ಮಲಗಲು ಸಿಕ್ಕಿದ್ದು ಒಂದು ಚಿತ್ರಮಂದಿರದ ಹಿಂಭಾಗದ, ಬೆಳಕಿಲ್ಲದ ಕೋಣೆಗಳು. ಹದಿನೇಳು ವರ್ಷದ ಹ್ಯಾರಿಸನ್ ಅವರನ್ನು ವಯಸ್ಸು ಸಾಲದೆಂದು ಅಧಿಕಾರಿಗಳು ಊರಿಗೆ ಅಟ್ಟಿದರು. ಆದರೂ ಮತ್ತೆ ಹೋದರು. ಕಬ್ಬಿಣ ಕಾದು ಬಡಿಸಿಕೊಂಡು ಹದಗೊಂಡಂತೆ ಅವರು ಹದಗೊಂಡದ್ದು ಅಲ್ಲಿ.

1961ರ ಜೂನ್ ತಿಂಗಳಲ್ಲಿ ಹ್ಯಾಂಬರ್ಗಿನಲ್ಲೇ, ಶಾಲೆಯೊಂದಕ್ಕೆ ಸೇರಿದ ಸಭಾಂಗಣದಲ್ಲಿ, ಅವರ ಮೊದಲ ವೃತ್ತಿಪರ ಧ್ವನಿಮುದ್ರಣ ನಡೆಯಿತು. ಮುಖ್ಯ ಗಾಯಕ ಟೋನಿ ಶೆರಿಡನ್, ಬೀಟಲ್ಸ್ ಬರಿಯ ಹಿಮ್ಮೇಳ. ಹಾಡು ಯಾವುದೆಂದರೆ 'ಮೈ ಬಾನಿ'! ನಮ್ಮ ಕಾನ್ವೆಂಟ್ ಶಾಲೆಗಳಲ್ಲಿ ಕಲಿತ ಓದುಗರು ಈ ಹಳೆಯ ಹಾಡನ್ನು ಕೈಚಪ್ಪಾಳೆ ತಟ್ಟಿ ಹಾಡಿಯೇ ಇರುತ್ತೀರಿ. ಜರ್ಮನಿಯಲ್ಲಿ ತಟ್ಟೆ ಹೊರಬಂದಾಗ ಅದರ ಮೇಲೆ ಬೀಟಲ್ಸ್ ಎಂಬ ಹೆಸರೂ ಇರಲಿಲ್ಲ, 'ಬೀಟ್ ಬ್ರದರ್ಸ್' ಎಂದು ಅಚ್ಚಾಗಿತ್ತು. ಆದರೆ ಆ ತಟ್ಟೆಯೇ ಬಾಗಿಲು ತೆರೆಯಿತು. ಅದನ್ನು ಕೇಳಿಕೊಂಡು ಗಿರಾಕಿಗಳು ಬಂದದ್ದರಿಂದಲೇ ತನ್ನ ಗಮನ ಈ ಹುಡುಗರತ್ತ ಹರಿಯಿತು ಎಂದು ಲಿವರ್‌ಪೂಲಿನ ಸಂಗೀತದಂಗಡಿಯ ವ್ಯಾಪಾರಿ ಬ್ರಯನ್ ಎಪ್‌ಸ್ಟೈನ್ ಬರೆದಿದ್ದಾರೆ. 1961ರ ನವೆಂಬರ್ ತಿಂಗಳಲ್ಲಿ ಅವರು ಹುಡುಗರ ಹಾಡು ಕೇಳಲು 'ಕ್ಯಾವರ್ನ್' ಎಂಬ ನೆಲಮಾಳಿಗೆಯ ಕ್ಲಬ್ಬಿಗೆ ಇಳಿದರು. ಬಹುಬೇಗನೆ ತಂಡದ ವ್ಯವಸ್ಥಾಪಕರಾದರು.

ಅವರ ಪ್ರಯತ್ನದಿಂದ ಲಂಡನ್ನಿನ ಡೆಕ್ಕಾ ಸಂಸ್ಥೆಯಲ್ಲಿ 1962ರ ಜನವರಿ 1ರಂದು ಪರೀಕ್ಷಾ ಮುದ್ರಣಕ್ಕೆ ಅವಕಾಶ ಸಿಕ್ಕಿತು. ಹೊಸ ವರ್ಷದ ಮುನ್ನಾದಿನ ಹಿಮ ಬೀಳುತ್ತಿದ್ದ ದಾರಿಯಲ್ಲಿ ಹುಡುಗರು ವ್ಯಾನಿನಲ್ಲಿ ಸುಮಾರು ಹತ್ತು ಗಂಟೆ ಪ್ರಯಾಣ ಮಾಡಿ, ನಡುವೆ ದಾರಿಯನ್ನೂ ತಪ್ಪಿ, ಲಂಡನ್ ಸೇರಿದರು. ಬೆಳಿಗ್ಗೆ ಸ್ಟುಡಿಯೋದಲ್ಲಿ ಅವರ ಆಂಪ್ಲಿಫಯರುಗಳನ್ನು ನೋಡಿದ ಸಿಬ್ಬಂದಿ, ಇವು ಮುದ್ರಣಕ್ಕೆ ಯೋಗ್ಯವಲ್ಲವೆಂದು ತಮ್ಮದನ್ನೇ ಕೊಟ್ಟರು. ಹದಿನೈದು ಹಾಡುಗಳನ್ನು ಹಾಡಿದರು. ಅವುಗಳಲ್ಲಿ ಲೆನನ್ ಮತ್ತು ಮೆಕಾರ್ಟ್ನಿಯವರ ಸ್ವಂತ ರಚನೆಗಳು ಮೂರೇ ಮೂರು. ಉಳಿದವೆಲ್ಲ ಬೇರೆಯವರ ಹಾಡುಗಳು, ಎಲ್ಲ ಬಗೆಯ ಅಭಿರುಚಿಗೂ ಹೊಂದಲಿ ಎಂದು ಎಪ್‌ಸ್ಟೈನ್ ಆರಿಸಿದವು.

ಆ ಧ್ವನಿಮುದ್ರಣದ ಐದು ಹಾಡುಗಳು ನಮ್ಮ ಆ ಕ್ಯಾಸೆಟ್ಟಿನಲ್ಲಿದ್ದವು. ಕೇಳಿದರೆ ಗಂಟಲು ಬಿಗಿಹಿಡಿದಿರುವುದು ತಿಳಿಯುತ್ತದೆ. ಸಂದರ್ಶನಕ್ಕೆ ಹೋದ ಹುಡುಗ ಗುಂಡಿಯನ್ನೆಲ್ಲ ಹಾಕಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಂತೆ. ಡೆಕ್ಕಾ ಸಂಸ್ಥೆ ಅವರನ್ನು ನಿರಾಕರಿಸಿ, ಅಂದೇ ಪರೀಕ್ಷೆಗೆ ಬಂದಿದ್ದ, ಲಂಡನ್ನಿಗೆ ಹತ್ತಿರವಿದ್ದ ಬ್ರಯನ್ ಪೂಲ್ ಮತ್ತು ಟ್ರೆಮಲೋಸ್ ತಂಡವನ್ನು ಆರಿಸಿಕೊಂಡಿತು. ಗಿಟಾರ್ ತಂಡಗಳ ಕಾಲ ಮುಗಿಯಿತು ಎಂಬರ್ಥದ ಮಾತನ್ನು ಆ ಸಂಸ್ಥೆಯ ಡಿಕ್ ರೋ ಹೇಳಿದರೆಂದು ಎಪ್‌ಸ್ಟೈನ್ ಬರೆದರು. ತಾನು ಹಾಗೆ ಹೇಳಿಲ್ಲವೆಂದು ರೋ ಕೊನೆಯವರೆಗೂ ನಿರಾಕರಿಸಿದರು. 'ಬೀಟಲ್ಸರನ್ನು ಕೈಬಿಟ್ಟ ಮನುಷ್ಯ' ಎಂದೇ ಲೋಕ ಅವರನ್ನು ಇಂದಿಗೂ ಹಾಸ್ಯ ಮಾಡುತ್ತದೆ. ಆದರೆ ನ್ಯಾಯವಾಗಿ ಯೋಚಿಸೋಣ. ಆ ದಿನದ ಹಾಡುಗಾರಿಕೆಯನ್ನು ಮಾತ್ರ ಕೇಳಿದ್ದರೆ ನಾವೂ ಹಾಗೆಯೇ ಮಾಡುತ್ತಿರಲಿಲ್ಲವೇ? ಮರುವರ್ಷ ಅದೇ ರೋ, ಹ್ಯಾರಿಸನ್ ಅವರ ಸಲಹೆಯನ್ನು ಕೇಳಿ ರೋಲಿಂಗ್ ಸ್ಟೋನ್ಸ್ ತಂಡವನ್ನು ಹುಡುಕಿಕೊಂಡು ಹೋದರು. ತನ್ನ ಸೋಲಿಗೆ ಕಾರಣರಾದವರ ಮಾತನ್ನೇ ಕೇಳಿ ಕಲಿಯಲು ವಿನಯ ಬೇಕು.

1962ರ ಜೂನ್ 6ರಂದು ಇ.ಎಂ.ಐ. ಸಂಸ್ಥೆಯ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡುಗಳ ಮುದ್ರಣವಾಯಿತು. ಅಲ್ಲಿಯೂ ಆಂಪ್ಲಿಫಯರಿನ ಅವಸ್ಥೆ ಅದೇ. ಮೆಕಾರ್ಟ್ನಿಯವರ ಸಲಕರಣೆ ಕೈಕೊಟ್ಟಾಗ ತಂತ್ರಜ್ಞರು ಸ್ಟುಡಿಯೋದ ಬೇರೆ ಕೋಣೆಯಿಂದ ಸ್ಪೀಕರೊಂದನ್ನು ತಂದು ಬೆಸುಗೆ ಹಾಕಿ ಹೊಂದಿಸಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಹಾಡುಗಳಿಂದ ಅಷ್ಟೇನೂ ಪ್ರಭಾವಿತರಾಗಲಿಲ್ಲ. ಕೊರತೆಗಳನ್ನೆಲ್ಲ ಹೇಳಿ ಮುಗಿಸಿ, ನಿಮಗೆ ಹಿಡಿಸದಿರುವುದು ಏನಾದರೂ ಇದೆಯೇ ಎಂದು ಕೇಳಿದರು. ನಿಮ್ಮ ಟೈ ಹಿಡಿಸಲಿಲ್ಲ ಎಂದರಂತೆ ಹ್ಯಾರಿಸನ್! ಎಲ್ಲರೂ ನಕ್ಕರು, ಬಿಗಿ ಸಡಿಲವಾಯಿತು. ಮಾರ್ಟಿನ್ ಮೆಚ್ಚಿದ್ದು ಹಾಡಿಗಿಂತ ಮೊದಲು ಹುಡುಗರನ್ನು.

ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದರು. ಡ್ರಮ್ ವಾದನ ಮುದ್ರಣಕ್ಕೆ ಸಾಲದು, ಮುಂದಿನ ಬಾರಿ ಸ್ಟುಡಿಯೋದ ವಾದಕರನ್ನು ಕರೆಸುತ್ತೇನೆ ಎಂದು. ಪೀಟ್ ಅವರನ್ನು ತಂಡದಿಂದ ತೆಗೆಯಿರಿ ಎಂದು ಅವರು ಕೇಳಿರಲಿಲ್ಲ. ಅದನ್ನು ನಿರ್ಧರಿಸಿದ್ದು ಗೆಳೆಯರು. 1962ರ ಆಗಸ್ಟ್ 16ರಂದು ಎಪ್‌ಸ್ಟೈನ್ ತಮ್ಮ ಕಚೇರಿಗೆ ಪೀಟ್ ಅವರನ್ನು ಕರೆಸಿ, ನೀವಿನ್ನು ತಂಡದಲ್ಲಿಲ್ಲ ಎಂದು ತಿಳಿಸಿದರು. ಎರಡು ವರ್ಷ ಒಂದೇ ವ್ಯಾನಿನಲ್ಲಿ ಪಯಣಿಸಿ, ಒಂದೇ ಕತ್ತಲ ಕೋಣೆಯಲ್ಲಿ ಮಲಗಿದ್ದ ಮೂವರಲ್ಲಿ ಒಬ್ಬರೂ ಆ ಕೋಣೆಯಲ್ಲಿರಲಿಲ್ಲ. ಅದು ತಮ್ಮ ಹೇಡಿತನವಾಗಿತ್ತೆಂದು ಲೆನನ್ ಮುಂದೆ ಒಪ್ಪಿಕೊಂಡರು. ಪೀಟ್ ಸ್ಥಾನಕ್ಕೆ ರಿಂಗೋ ಬಂದರು. ವಿಪರ್ಯಾಸವೆಂದರೆ ಸೆಪ್ಟೆಂಬರ್ 11ರ ಮುದ್ರಣದಲ್ಲಿ ಮಾರ್ಟಿನ್ ಅವರ ಕಡೆಯವರು ರಿಂಗೋ ಅವರನ್ನೂ ಬದಿಗೆ ಕೂರಿಸಿ ಆಂಡಿ ವೈಟ್ ಎಂಬ ವೃತ್ತಿವಾದಕರನ್ನು ಕರೆಸಿದರು! 'ಲವ್ ಮಿ ಡು' ಎಂಬ ಆ ಮೊದಲ ತಟ್ಟೆ 1962ರ ಅಕ್ಟೋಬರ್ 5ರಂದು ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನ ತಲುಪಿತು. ಮರುವರ್ಷ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿದರು. ಆಮೇಲಿನದೆಲ್ಲ ಲೋಕಕ್ಕೆ ಗೊತ್ತಿರುವ ಕಥೆ.

'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?' ಗುರುಮಠದ ದಿನಗಳಲ್ಲಿ ಈ ಕಥೆಯನ್ನು ಓದಿದಾಗ ನನಗೆ ಆ ಮೂವರ ಮೇಲೆ ಬಹಳ ಸಿಟ್ಟು ಬಂದಿತ್ತು. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ನಂಬಿದ್ದೆ.

ಗುರುದೀಕ್ಷೆಯಾದ ಕೆಲವೇ ವರ್ಷಗಳಲ್ಲಿ ನನ್ನನ್ನು ಕಾಫಿ ತೋಟಗಳ ನಡುವಿನ ಸಣ್ಣ ಧರ್ಮಕೇಂದ್ರವೊಂದಕ್ಕೆ ಕಳುಹಿಸಿದರು. ಅಲ್ಲಿಯ ದೇವಾಲಯದ ಸುವರ್ಣ ಮಹೋತ್ಸವಕ್ಕೆ ಭಕ್ತಿಗೀತೆಗಳ ಕ್ಯಾಸೆಟ್ಟೊಂದನ್ನು ತರಬೇಕೆಂದು ಉತ್ಸಾಹದಿಂದ ಹೊರಟೆ. ಗಾನವೃಂದದಲ್ಲಿ ಢೋಲಕ್ ನುಡಿಸುತ್ತಿದ್ದವನು ತೋಟದ ಕೂಲಿ ಕುಟುಂಬದ ಹದಿನೆಂಟರ ಹುಡುಗ. ಯಾರಿಂದಲೂ ಕಲಿತವನಲ್ಲ. ದಿನದ ಕೆಲಸ ಮುಗಿಸಿ, ನಾಲ್ಕು ಕಿಲೋಮೀಟರ್ ನಡೆದು ಅಭ್ಯಾಸಕ್ಕೆ ಬರುತ್ತಿದ್ದ. ಮಳೆಗಾಲದಲ್ಲಿ ಗಾನವೃಂದಕ್ಕೆ ಮೂವರೇ ಬಂದ ದಿನವೂ ಆ ಮೂವರಲ್ಲಿ ಅವನು ಇರುತ್ತಿದ್ದ. ಉಳಿದವರಿಗೆ ಲಯ ತಪ್ಪಿದಾಗ ಕಣ್ಣಿನಲ್ಲೇ ಸನ್ನೆ ಮಾಡಿ ಸರಿಪಡಿಸುತ್ತಿದ್ದ.

ಮುದ್ರಣಕ್ಕೆ ಒಂದು ವಾರವಿರುವಾಗ ಸ್ಟುಡಿಯೋದವರು ಬಂದು ಅಭ್ಯಾಸವನ್ನು ಕೇಳಿದರು. 'ಹುಡುಗನ ತಾಳ ಓಡುತ್ತದೆ ಫಾದರ್, ವೃತ್ತಿಯವರನ್ನು ಕರೆಸಿ' ಎಂದರು. ಅವರ ಮಾತು ಸರಿಯಾಗಿತ್ತು. ನಾನು ಒಪ್ಪಿದೆ. ಒಪ್ಪಿದ್ದರಲ್ಲಿ ತಪ್ಪಿರಲಿಲ್ಲವೆಂದೇ ಇಂದಿಗೂ ಭಾವಿಸುತ್ತೇನೆ. ಆದರೆ ಅದನ್ನು ಆ ಹುಡುಗನಿಗೆ ಹೇಳಬೇಕಿತ್ತಲ್ಲ? ಇವತ್ತು ನಾಳೆ ಎಂದು ಮುಂದೂಡಿದೆ. ಹೊರಡುವ ಹಿಂದಿನ ರಾತ್ರಿ ಗಾನವೃಂದದ ಮತ್ತೊಬ್ಬ ಯುವಕನನ್ನು ಕರೆದು, 'ನೀನೇ ಹೋಗಿ ಅವನಿಗೆ ಸ್ವಲ್ಪ ತಿಳಿಸಿ ಹೇಳಪ್ಪಾ' ಎಂದೆ.

ಬೆಳಗಿನ ಜಾವ ಐದು ಗಂಟೆಗೆ ಜೀಪು ಬಂದು ನಿಂತಿತು. ಮಂಜಿನಲ್ಲಿ ಯಾರೋ ಹಾರ್ಮೋನಿಯಮ್ ಎತ್ತಿ ಜೀಪಿಗೆ ಇಡುತ್ತಿದ್ದರು. ನೋಡಿದರೆ ಅವನೇ. ವಿಷಯ ತಿಳಿದಿದ್ದರೂ ಬಂದಿದ್ದ. ಎಲ್ಲ ಸಾಮಾನುಗಳನ್ನೂ ಒಂದೊಂದಾಗಿ ಹೊಂದಿಸಿಟ್ಟು, ಹಗ್ಗ ಬಿಗಿದು, ಬದಿಗೆ ನಿಂತ. ನಾನು ಮುಂದಿನ ಸೀಟಿನಲ್ಲಿ ಕುಳಿತು ಹಾಡುಗಳ ಪಟ್ಟಿಯನ್ನು ಓದುವವನಂತೆ ತಲೆ ತಗ್ಗಿಸಿದೆ. ಆ ಮಬ್ಬಿನಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಜೀಪು ಹೊರಟಿತು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹತ್ತೊಂಬತ್ತು ಹೆಸರುಗಳು ಅಚ್ಚಾದವು. ಅವನ ಹೆಸರು ಇರಲಿಲ್ಲ. ಅವನು ಪೂಜೆಗೆ ಬರುವುದನ್ನು ಬಿಡಲಿಲ್ಲ, ಆದರೆ ಢೋಲಕ್ಕನ್ನು ಮತ್ತೆ ಮುಟ್ಟಲಿಲ್ಲ. ನನಗೂ ವರ್ಗವಾಯಿತು.

ಪೀಟ್ ಬೆಸ್ಟ್ ಅವರ ಮುಂದಿನ ಬದುಕನ್ನೂ ಹೇಳಬೇಕು. ಬೇರೆ ತಂಡಗಳಲ್ಲಿ ಯತ್ನಿಸಿದರು, ಯಶಸ್ಸು ಸಿಗಲಿಲ್ಲ. ಒಂದು ಹಂತದಲ್ಲಿ ಬದುಕನ್ನೇ ಮುಗಿಸಿಕೊಳ್ಳುವಷ್ಟು ಕುಸಿದರು. ತಾಯಿ ಮತ್ತು ತಮ್ಮ ಅವರನ್ನು ಉಳಿಸಿಕೊಂಡರು. ಬ್ರೆಡ್ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ, ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಡುವ ನೌಕರಿ ಮಾಡಿದರು. ಮದುವೆಯಾಗಿ ಮಕ್ಕಳನ್ನು ಬೆಳೆಸಿದರು. ಮತ್ತೆ ಡ್ರಮ್ ನುಡಿಸಿದರು. 1995ರ 'ಆಂಥಾಲಜಿ'ಯಲ್ಲಿ ಅವರು ನುಡಿಸಿದ ಹತ್ತು ಮುದ್ರಣಗಳು ಸೇರಿದ್ದರಿಂದ ಮೂವತ್ತಮೂರು ವರ್ಷಗಳ ನಂತರ ಅವರ ಪಾಲಿನ ಗೌರವಧನ ಕೈಸೇರಿತು. ಆದರೆ ಅದರ ಮುಖಪುಟದಲ್ಲಿ ಹಳೆಯ ಚಿತ್ರವೊಂದರಿಂದ ಅವರ ಮುಖದ ಭಾಗವನ್ನು ಹರಿದಂತೆ ಮಾಡಿ, ಆ ಜಾಗದಲ್ಲಿ ರಿಂಗೋ ಮುಖ ಕಾಣುವಂತೆ ಮಾಡಿದ್ದರು. 2008ರಲ್ಲಿ ಪೀಟ್ ತಮ್ಮದೇ ಧ್ವನಿಮುದ್ರಿಕೆ ಹೊರತಂದಾಗ ಅದರ ಮುಖಪುಟಕ್ಕೆ ಹಾಕಿದ್ದು ಏನು ಗೊತ್ತೇ? ಹರಿದುಹೋದ ಆ ಚೂರನ್ನೇ. ಬೈಗುಳವಿಲ್ಲ, ಕಹಿಯಿಲ್ಲ. 2025ರಲ್ಲಿ, 83ನೇ ವಯಸ್ಸಿನಲ್ಲಿ, ಅವರು ವೇದಿಕೆಯಿಂದ ನಿವೃತ್ತಿ ಪಡೆದರು.

ಆ ಸುದ್ದಿಯನ್ನು ಓದಿದ ವಾರವೇ ನನ್ನ ಹಳೆಯ ಪೆಟ್ಟಿಗೆಯಿಂದ ಸುವರ್ಣ ಮಹೋತ್ಸವದ ಕ್ಯಾಸೆಟ್ಟನ್ನು ಹೊರತೆಗೆದೆ. ಅದರ ಜೊತೆ ಇನ್ನೊಂದು ಕ್ಯಾಸೆಟ್ಟೂ ಇತ್ತು, ಅಭ್ಯಾಸದ ದಿನ ದೇವಾಲಯದಲ್ಲೇ ಟೂ-ಇನ್-ಒನ್ ಇಟ್ಟು ಮುದ್ರಿಸಿದ್ದು. ಯುವಕರೊಬ್ಬರು ಎರಡನ್ನೂ ಮೊಬೈಲಿಗೆ ಇಳಿಸಿಕೊಟ್ಟರು. ಸ್ಟುಡಿಯೋದ ಹಾಡುಗಳಲ್ಲಿ ತಾಳ ನಿಖರವಾಗಿತ್ತು. ಅಭ್ಯಾಸದ ಹಾಡುಗಳಲ್ಲಿ ಮಳೆಯ ಸದ್ದು, ಯಾರದೋ ಕೆಮ್ಮು, ನಗು, ಮತ್ತು ಅಲ್ಲಲ್ಲಿ ಓಡುವ ಢೋಲಕ್. ಆದರೆ ಆ ಹುಡುಗ ಓಡಿದಲ್ಲೆಲ್ಲ ಹಾಡುವವರೂ ಅವನ ಬೆನ್ನಿಗೇ ಸಂತೋಷದಿಂದ ಓಡುತ್ತಿದ್ದರು.

ಮರುದಿನವೇ ಹೊರಟೆ. ವಿಚಾರಿಸುತ್ತಾ ಹೋದಾಗ ತಾಲೂಕು ಕೇಂದ್ರದಲ್ಲಿ ಅವನ ಮನೆ ಸಿಕ್ಕಿತು. ಈಗ ನಲವತ್ತು ದಾಟಿದ ಗೃಹಸ್ಥ, ಸ್ವಂತ ಗೂಡ್ಸ್ ಆಟೋ ಓಡಿಸುತ್ತಾನೆ. ಬಾಗಿಲಲ್ಲಿ ನನ್ನನ್ನು ಕಂಡು, 'ಬನ್ನಿ ಸ್ವಾಮಿ' ಎಂದು ಕುರ್ಚಿ ಒರೆಸಿದ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. 'ಅವತ್ತು ನಾನೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ನನ್ನನ್ನು ಕ್ಷಮಿಸು' ಎಂದಷ್ಟೇ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: 'ತಾಳ ಓಡುತ್ತಿದ್ದದ್ದು ನಿಜ ಸ್ವಾಮಿ, ನನಗೂ ಗೊತ್ತಿತ್ತು. ನೀವು ಜೀಪಿನಿಂದ ಇಳಿದು ಒಂದು ಮಾತು ಹೇಳುತ್ತೀರಿ ಅಂದುಕೊಂಡೇ ಬೆಳಿಗ್ಗೆ ಬಂದಿದ್ದೆ.'

ಪ್ರಿಯ ಓದುಗರೇ, ಆ ಬೆಳಗಿನ ಜಾವ ಅವನು ಬಂದದ್ದು ಸಾಮಾನು ಹೊರಲು ಎಂದು ಇಷ್ಟು ವರ್ಷ ತಿಳಿದಿದ್ದೆ. ಅವನು ಬಂದದ್ದು ನನಗೊಂದು ಅವಕಾಶ ಕೊಡಲು. ಮನೆಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ ಕೆಲವರನ್ನು ಬದಲಿಸಬೇಕಾಗುತ್ತದೆ, ಕೆಲವರಿಗೆ ಇಲ್ಲವೆನ್ನಬೇಕಾಗುತ್ತದೆ. ಅದನ್ನು ತಪ್ಪಿಸಲಾಗದು. ಆದರೆ ಆ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಡಿ. ಮುಖ ನೋಡಿ ಹೇಳಿದ ಕಠಿಣ ಮಾತನ್ನು ಮನುಷ್ಯ ತಡೆದುಕೊಳ್ಳಬಲ್ಲ. ತಗ್ಗಿಸಿದ ತಲೆಯನ್ನು ತಡೆದುಕೊಳ್ಳುವುದು ಕಷ್ಟ.

ಹೊರಡುವ ಮೊದಲು ಮೊಬೈಲಿನಲ್ಲಿ ಆ ಅಭ್ಯಾಸದ ಹಾಡುಗಳನ್ನು ಕೇಳಿಸಿದೆ. ಒಳಗಿನಿಂದ ಅವನ ಮಗಳು ಬಂದು ನಿಂತಳು. ಏಳನೆಯ ತರಗತಿಯಂತೆ. 'ಇದು ಯಾರು ಬಾರಿಸಿದ್ದು ಅಪ್ಪಾ?' ಎಂದು ಕೇಳಿದಳು. ಅವನು ಉತ್ತರಿಸಲಿಲ್ಲ, ಆದರೆ ಅವನ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆಗಲೇ ನುಡಿಯುತ್ತಿದ್ದವು. ತುಸು ಬೇಗ ಬೇಗನೇ.

ಹಿಂತಿರುಗಿ ಬಂದ ರಾತ್ರಿ ಕ್ಯಾಸೆಟ್ಟಿನ ಹಳೆಯ ಹೊದಿಕೆಯನ್ನು ಬಿಡಿಸಿ, ಆ ಹತ್ತೊಂಬತ್ತು ಹೆಸರುಗಳ ಕೆಳಗೆ ಇಪ್ಪತ್ತನೆಯ ಹೆ­ಸರನ್ನು ಪೆನ್ನಿನಿಂದ ಬರೆದೆ.